ಉಸಿರು ಭಾರವಾಗದ ದಿನ

ಅವರು ನಿಮಿಷಕ್ಕೆ ಐದು ಸಲ ಮಾತ್ರ ಉಸಿರಾಡುತ್ತಿದ್ದರು. ನಾನು ಗಡಿಯಾರ ನೋಡಿ ಎಣಿಸಿದ್ದೇನೆ. ನನ್ನ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾಗಲೂ ಅಷ್ಟೇ. ಅಗಲವಾದ ಎದೆ ನಿಧಾನವಾಗಿ ಏಳುತ್ತಿತ್ತು, ನಿಧಾನವಾಗಿ ಇಳಿಯುತ್ತಿತ್ತು, ಇಳಿದ ಮೇಲೆ ಇನ್ನು ಏಳುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ಹಾಗೇ ಇರುತ್ತಿತ್ತು. ಮಾತೂ ಅದೇ ಗತಿಯಲ್ಲಿ. ಹೊಸಬರು ಯಾರಾದರೂ ಅವರ ಮಾತು ಮುಗಿಯಿತೆಂದುಕೊಂಡು ಎದ್ದರೆ, "ಕೂತ್ಕೊಳ್ಳಯ್ಯಾ, ಇನ್ನೂ ಅರ್ಧ ಒಳಗೇ ಇದೆ" ಎನ್ನುತ್ತಿದ್ದರು.

ಅವರ ಬಗ್ಗೆ ಬರೆಯಬೇಕೆಂದು ಈ ನೋಟುಪುಸ್ತಕ ತಂದು ಎರಡು ವರ್ಷವಾಯಿತು. ಪ್ರತಿ ಸಲವೂ ಏನೋ ಒಂದು ನೆಪ. ಕನ್ನಡಕ ಸರಿಯಿಲ್ಲ, ಕೈ ನಡುಗುತ್ತದೆ, ಹಬ್ಬ ಕಳೆಯಲಿ. ಈಗ ನೆಪಗಳೂ ಮುಗಿದಿವೆ. ಮುಳಬಾಗಿಲಿನ ನನ್ನ ಮೋಟಾರು ರಿಪೇರಿ ಅಂಗಡಿ ಮುಚ್ಚಿ, ಅದರ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಮಧ್ಯಾಹ್ನ ಮೆಸ್ಸಿನಿಂದ ಊಟ ಬರುತ್ತದೆ. ತಂದವನು "ಊಟ" ಎನ್ನುತ್ತಾನೆ, ನಾನು "ಹ್ಞೂಂ" ಎನ್ನುತ್ತೇನೆ. ಕೆಲವು ದಿನ ನಾನು ಆಡುವ ಮಾತು ಅಷ್ಟೇ.

ಅವರನ್ನು ನಾನು ಅಣ್ಣ ಎಂದು ಕರೆಯುತ್ತಿದ್ದೆ. ಒಡಹುಟ್ಟಿದವರಲ್ಲ, ನೆಂಟರೂ ಅಲ್ಲ. ನನಗಿಂತ ಒಂದೇ ವರ್ಷ ದೊಡ್ಡವರು. ತಾಯಲೂರಿನ ಆಚೆಯ ಹಳ್ಳಿಯವರು. ಹರೆಯದಲ್ಲಿ ಮದ್ರಾಸಿನ ಹಾರ್ಬರಿಗೆ ಕೂಲಿಗೆ ಹೋಗಿ, ಅಲ್ಲಿ ಹಡಗಿನ ತಳ ಕೆರೆಯುವವರ ಜೊತೆ ನೀರಿಗಿಳಿದು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿತು ಊರಿಗೆ ವಾಪಸು ಬಂದರು. ನೀರಿಗಾಗಿ ಸಾವಿರ ಅಡಿ ಕೊರೆಯುವ ಈ ಸೀಮೆಯಲ್ಲಿ ಮುಳುಗುವವನಿಗೆ ಏನು ಕೆಲಸ ಎಂದು ಊರೆಲ್ಲ ನಕ್ಕಿತಂತೆ. ಕೆಲಸ ಇತ್ತು. ಬಾವಿಗೆ ಬಿದ್ದ ಪಂಪು, ಕೆರೆಯ ತೂಬಿಗೆ ಸಿಕ್ಕಿಕೊಂಡ ಮರ, ಕಲ್ಲು ತೆಗೆದು ಬಿಟ್ಟ ಕ್ವಾರಿಗಳಲ್ಲಿ ಈಜಲು ಹೋಗಿ ಮುಳುಗಿದವರ ಹೆಣ. ಹೆಣ ತೆಗೆದುಕೊಟ್ಟ ದಿನ ಅವರು ಆ ಮನೆಯವರು ಕೊಟ್ಟ ನೀರನ್ನೂ ಮುಟ್ಟುತ್ತಿರಲಿಲ್ಲ. "ಕುಡಿಯೋಕೆ ನಾವೇನು ಒಳ್ಳೇ ಸುದ್ದಿ ತಂದಿದೀವಾ?" ಎಂದು ಬಸ್ಸು ಹತ್ತಿಬಿಡುತ್ತಿದ್ದರು.

ಬಾವಿಯಿಂದ ಎತ್ತಿದ ಪಂಪು ರಿಪೇರಿಗೆ ನನ್ನಲ್ಲಿಗೇ ಬರುತ್ತಿದ್ದರಿಂದ ನಾವಿಬ್ಬರೂ ಜೊತೆಯಾದೆವು. ಸಿಲಿಂಡರಿಗೆ ಗಾಳಿ ತುಂಬಿಸಿ ತರುವುದು, ಸಾಮಾನು ಬಿಚ್ಚಿ ತೊಳೆದು ಇಡುವುದು ನನ್ನ ಪಾಲಿಗೆ ಬಂತು. ಅವರು ನಾಲ್ಕನೇ ಕ್ಲಾಸು, ನಾನು ಎಸ್ಸೆಸ್ಸೆಲ್ಸಿ. "ಎಸ್ಸೆಸ್ಸೆಲ್ಸಿ ಸಾಹೇಬ್ರೇ, ಈ ಡಬ್ಬಿ ಮೇಲೆ ಏನ್ ಬರ್ದವ್ರೆ ಸ್ವಲ್ಪ ಓದಿ" ಎಂದು ನಾಲ್ಕು ಜನರ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದರು. ತಮಾಷೆಗೇ ಹೇಳುತ್ತಿದ್ದರು. ನನಗೆ ಮಾತ್ರ ಅದು ನಿಜವಾಗಿಯೂ ದೊಡ್ಡ ಮರ್ಯಾದೆಯಂತೆ ಕಾಣುತ್ತಿತ್ತು.

ಹಗ್ಗ ಹಿಡಿಯುವವರು ಅತ್ತಿಗೆ, ಎಂದರೆ ಅಣ್ಣನ ಹೆಂಡತಿ. ಅಣ್ಣನ ಸೊಂಟಕ್ಕೆ ಕಟ್ಟಿದ ಹಗ್ಗ ಅವರ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋಗುತ್ತಿರಲಿಲ್ಲ. ಹತ್ತು ಅಡಿಗೊಂದು ಗಂಟು. ಅಣ್ಣ ಒಂದು ಸಲ ಜಗ್ಗಿದರೆ ಎಲ್ಲ ಸರಿ, ಮೂರು ಸಲ ಜಗ್ಗಿದರೆ ನಿಧಾನಕ್ಕೆ ಎಳಿ, ಬಿಡದೆ ಜಗ್ಗಿದರೆ ಪ್ರಾಣಕ್ಕೆ ಬಂದಿದೆ. ಆಳದಿಂದ ಬರುವವರು ಒಂದೇ ಸಲಕ್ಕೆ ಮೇಲೆ ಬರಬಾರದು, ನಿಂತು ನಿಂತು ಬರಬೇಕು. ಇಲ್ಲದಿದ್ದರೆ ಮೈಯೊಳಗೆ ಸೇರಿದ ಗಾಳಿ ಸೋಡಾ ಬಾಟಲಿ ತೆಗೆದ ಹಾಗೆ ಗುಳ್ಳೆಯಾಗಿ ಏಳುತ್ತದೆ. ಅದಕ್ಕೇ ಕೊನೆಯ ಮೂರು ಗಂಟು ಉಳಿದಾಗ ಅತ್ತಿಗೆ ಎಳೆಯುವುದನ್ನು ನಿಲ್ಲಿಸುತ್ತಿದ್ದರು. ಅವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಒಂದೊಂದು ಗಂಟಿಗೂ ರಾಗಿ ಬೀಸುವಾಗಿನ ಒಂದು ತೆಲುಗು ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡುತ್ತಿದ್ದರು. ಹಾಡು ಮುಗಿದರೆ ಮುಂದಿನ ಗಂಟು. ದಡದ ಮೇಲೆ ನೂರು ಜನ ನೆರೆದಿರಲಿ, ಮುಳುಗಿದ ಹುಡುಗನ ತಾಯಿ ಎದೆ ಬಡಿದುಕೊಂಡು ಅಳುತ್ತಿರಲಿ, ಅವರು ತಲೆ ತಗ್ಗಿಸಿಕೊಂಡು ತಮ್ಮಷ್ಟಕ್ಕೆ ಹಾಡುತ್ತಿದ್ದರು. ಕೆಳಗೆ ನೀರಿನಲ್ಲಿ ತೂಗಿಕೊಂಡಿರುವ ಗಂಡನಿಗೆ ಆ ಹಾಡು ಕೇಳಿಸುತ್ತಿರಲಿಲ್ಲ. ಆದರೂ ಅಣ್ಣ ಮೇಲೆ ಬಂದು ಬಾಯಿಂದ ಉಸಿರುಕೊಳವೆಯ ರಬ್ಬರು ತೆಗೆದ ಮೇಲೆ ಮೊದಲು ಕೇಳುತ್ತಿದ್ದದ್ದು, "ಪೂರ್ತಿ ಹಾಡಿದ್ಯಾ, ಇಲ್ಲ ಒಂದು ಸಾಲು ನುಂಗಿದ್ಯಾ?"

"ನುಂಗಿದ್ರೆ ನಿಮಗೇ ಗೊತ್ತಾಗ್ತಿತ್ತು ಬಿಡಿ" ಎಂದು ಅತ್ತಿಗೆ ಹಗ್ಗ ಸುತ್ತುತ್ತಿದ್ದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳದಿದ್ದರೆ ನಾನು ಮಾಡಿದ್ದು ಏನೆಂದು ಓದುವವರಿಗೆ ತಿಳಿಯುವುದಿಲ್ಲ. ಸಿಲಿಂಡರಿನಲ್ಲಿ ತುರುಕಿದ ಗಾಳಿಯನ್ನು ತಗ್ಗಿಸಿ ಉಸಿರಿಗೆ ಬೇಕಾದಷ್ಟೇ ಕೊಡುವುದು ರೆಗ್ಯುಲೇಟರ್. ಅಡುಗೆ ಗ್ಯಾಸಿನ ಸಿಲಿಂಡರಿನ ತಲೆಗೆ ಕೂರಿಸುತ್ತೇವಲ್ಲ, ಅದರ ದೂರದ ನೆಂಟ. ಮುಳುಗುವವರ ರೆಗ್ಯುಲೇಟರಿನಲ್ಲಿ ಎರಡು ಜಾತಿ. ಅಣ್ಣ ಮದ್ರಾಸಿನಿಂದ ತಂದದ್ದು ಅನ್‌ಬ್ಯಾಲೆನ್ಸ್ಡ್. ಒಳಗೆ ಒಂದು ಪಿಸ್ಟನ್, ಒಂದು ಸ್ಪ್ರಿಂಗ್, ಅಷ್ಟೇ. ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾದಂತೆ ಉಸಿರೆಳೆಯುವುದು ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತದೆ. ಇನ್ನೊಂದು ಬ್ಯಾಲೆನ್ಸ್ಡ್. ಸಿಲಿಂಡರ್ ತುಂಬಿರಲಿ, ತಳ ಕಾಣುತ್ತಿರಲಿ, ಉಸಿರು ಒಂದೇ ಸಮ ಹಗುರ. ಆಳಕ್ಕೆ ಇಳಿದು ಕೆಲಸ ಮಾಡುವವರು ಇದನ್ನೇ ಆರಿಸುತ್ತಾರೆ. ಆಳದಲ್ಲಿ ಗಾಳಿ ದಟ್ಟವಾಗುತ್ತದೆ, ಹಳೆಯದು ಕೇಳಿದಷ್ಟು ಕೊಡಲಾರದೆ ಸೋಲುತ್ತದೆ. ಆದರೆ ಬ್ಯಾಲೆನ್ಸ್ಡ್ ಕೊನೆಯ ಎರಡು ಮೂರು ಉಸಿರಿನವರೆಗೂ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಮೀಟರಿನ ಮುಳ್ಳನ್ನು ನೋಡಿಕೊಂಡೇ ಇರಬೇಕು.

ನಮ್ಮ ಬಾವಿ, ಕ್ವಾರಿಗಳ ತಳದಲ್ಲಿ ಮುಳ್ಳು ಕಾಣುವುದಿಲ್ಲ. ಕೈಯಿಟ್ಟ ಕೂಡಲೇ ಕೆಸರು ಎದ್ದು ಕಣ್ಣಿನ ಮುಂದಿನ ಬೆರಳೂ ಕಾಣದು. ಅಣ್ಣ ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡುತ್ತಿದ್ದರು. "ಬಿಟ್ಟಿದ್ರೂ ಕತ್ತಲೆ, ಮುಚ್ಚಿದ್ರೂ ಕತ್ತಲೆ. ಮುಚ್ಕೊಂಡ್ರೆ ಭಯ ಕಮ್ಮಿ ಕಣಯ್ಯಾ." ಅವರ ಮೀಟರು ಅವರ ಎದೆ. ಉಸಿರು ಭಾರವಾಯಿತೆಂದರೆ ಹೊರಡುವ ಹೊತ್ತಾಯಿತು. ಮೂರು ಸಲ ಹಗ್ಗ ಜಗ್ಗಿ, ಮೂರು ಹಾಡುಗಳ ಕಾಲ ನಿಂತು ಮೇಲೆ ಬರಲು ಸಾಕಾಗುವಷ್ಟು ಗಾಳಿ ಆಗ ಇನ್ನೂ ಉಳಿದಿರುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರ ಅಂದಾಜು ತಪ್ಪಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಮಾಲೂರು ಕಡೆಯ ಒಂದು ಕಲ್ಲುಕ್ವಾರಿಯಿಂದ ಕರೆ ಬಂತು. ಕೆಲಸ ನಿಂತು ಎರಡು ವರ್ಷದಲ್ಲಿ ಕ್ವಾರಿ ತುಂಬಿತ್ತು. ನೀರು ಹೊಡೆಯಲು ತೇಲಿಬಿಟ್ಟಿದ್ದ ದೊಡ್ಡ ಪಂಪು ಮಗುಚಿ ತಳ ಸೇರಿತ್ತು. ನೂರು ಅಡಿಗಿಂತ ಹೆಚ್ಚು ಆಳ. ಅಷ್ಟು ಆಳಕ್ಕೆ ಅಣ್ಣ ಹೋದದ್ದು ಮದ್ರಾಸಿನಲ್ಲಿ ಒಂದೆರಡು ಸಲ ಮಾತ್ರ. ಮೊದಲ ಎರಡು ದಿನ ಹಳೆಯ ರೆಗ್ಯುಲೇಟರಿನಲ್ಲೇ ಇಳಿದರು. ಮೇಲೆ ಬಂದಾಗ ಮುಖ ಬೂದಿಯ ಬಣ್ಣ. ತಲೆ ಸಿಡಿಯುತ್ತದೆ ಎಂದು ಬಂಡೆಯ ನೆರಳಲ್ಲಿ ಒದ್ದೆ ಟವೆಲ್ ಹೊದ್ದು ಮಲಗಿಬಿಟ್ಟರು. ತಳ ಮುಟ್ಟುವ ಹೊತ್ತಿಗೇ ಉಸಿರು ಬಿಗಿ.

"ಅಣ್ಣ, ಇದು ಈ ಆಳಕ್ಕಲ್ಲ. ಬ್ಯಾಲೆನ್ಸ್ಡ್ ತರೋಣ" ಎಂದೆ.

"ಏನಯ್ಯಾ ಅದು?"

"ಆಳದಲ್ಲೂ ಹಗುರವಾಗಿ ಕೊಡುತ್ತೆ."

ಅವರು ಹಳೆಯ ರೆಗ್ಯುಲೇಟರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಇನ್ನೂ ಅರ್ಧ ಒಳಗೇ ಇದೆ ಎಂದು ನನಗೆ ಗೊತ್ತಿತ್ತು, ಕಾದೆ. "ಅಲ್ಲಿ ಕೆಳಗೆ ನನ್ ಜೊತೆ ಮಾತಾಡೋದು ಇದೊಂದೇ ಕಣಯ್ಯಾ" ಎಂದು ಹಳೆಯದರ ಮೇಲೆ ಕೈಯಿಟ್ಟರು. "ಇದು ಮುದುಕಿ. ಬೈಕೊಂಡು ಬೈಕೊಂಡೇ ಮನೆಗೆ ಕರ್ಕೊಂಡ್ ಬರ್ತದೆ. ಹೊಸದು ಏನ್ ಮಾತಾಡ್ತದೋ ಏನೋ."

ನಾನು ಬಿಡಲಿಲ್ಲ. ನಾಲ್ಕು ದಿನ ಅದನ್ನೇ ಹೇಳಿದೆ. ನಾನು ಹೇಳಿದ್ದು ತಪ್ಪಾಗಿರಲಿಲ್ಲ, ಈಗಲೂ ತಪ್ಪೆಂದು ಹೇಳಲಾರೆ. ಕೊನೆಗೆ ಅಣ್ಣ, "ಪರವಾಲೇದು, ತಗೊಂಡ್ ಬಾ ನೋಡೋಣ" ಎಂದರು. ಬೆಂಗಳೂರಿನಲ್ಲಿ ಸಾಮಾನು ಮಾರುವವರು ತಾವೂ ಮುಳುಗಿದ ಅನುಭವವಿದ್ದವರು. ಅಣ್ಣ ಕೆಲಸ ಮಾಡುವ ರೀತಿಯನ್ನೆಲ್ಲ ಕೇಳಿ ತಿಳಿದುಕೊಂಡರು. "ಆಳಕ್ಕೆ ಇದೇ ಸರಿ. ಆದರೆ ಒಂದು ಮಾತು ಮರೀದೆ ಹೇಳಿ ಅವರಿಗೆ. ಇದು ಭಾರ ಆಗಲ್ಲ, ಥಟ್ಟನೆ ನಿಲ್ಲುತ್ತೆ. ಕತ್ತಲೆಯಲ್ಲಿ ಉಸಿರು ನಂಬಿ ಕೆಲಸ ಮಾಡೋರಿಗೆ ಇದು ಅಪಾಯ. ಟೈಮ್ ಕಟ್ಟಿಕೊಂಡೇ ಇಳೀಬೇಕು" ಎಂದರು. ಹೇಳುತ್ತೇನೆ ಎಂದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಯೋಚಿಸುತ್ತಲೇ ಬಂದೆ.

ತಾಯಲೂರಿನ ಹತ್ತಿರದ ಒಂದು ಬಾವಿಯಲ್ಲಿ ಅಣ್ಣ ಅದನ್ನು ಪರೀಕ್ಷೆ ಮಾಡಿದರು. ಹತ್ತು ನಿಮಿಷದಲ್ಲಿ ಮೇಲೆ ಬಂದರು, ಮುಖದ ತುಂಬ ನಗು. "ಏನ್ ಹಗುರ ಕಣಯ್ಯಾ! ಜಗಲಿ ಮೇಲೆ ಕೂತಂಗೇ ಇದೆ." ಆಮೇಲೆ ಮೆಟ್ಟಿಲ ಮೇಲೆ ಕೂತು, ನೀರು ಸುರಿಯುತ್ತಿರುವಂತೆಯೇ, ಅವರು ನನ್ನನ್ನು ನೇರವಾಗಿ ಕೇಳಿದರು:

"ಮುಗಿಯೋ ಹೊತ್ತಿಗೆ ಇದೂ ಭಾರ ಆಗ್ತದಲ್ವಾ?"

ನಾನು "ಆಗ್ತದೆ ಅಣ್ಣ. ಎರಡೂ ಒಂದೇ" ಎಂದೆ.

ಯಾಕೆ ಹಾಗೆ ಹೇಳಿದೆ? ಇಲ್ಲ ಎಂದರೆ ಆ ಕ್ಷಣವೇ ಕಳಚಿ ನನ್ನ ಕೈಗೆ ಕೊಡುತ್ತಿದ್ದರು. ನಾಲ್ಕು ದಿನ ವಾದ ಮಾಡಿ ಗೆದ್ದವನು ನಾನು, ಸೋಲಲು ಮನಸ್ಸಿರಲಿಲ್ಲ. ಟೈಮು ನಾನೇ ನೋಡಿಕೊಳ್ಳುತ್ತೇನೆ, ಇಪ್ಪತ್ತೈದು ನಿಮಿಷಕ್ಕೆ ಅತ್ತಿಗೆಯ ಕೈಯಲ್ಲಿ ಹಗ್ಗ ಜಗ್ಗಿಸಿ ಮೇಲೆ ಕರೆಸಿಬಿಡುತ್ತೇನೆ, ಅವರಿಗೆ ಗೊತ್ತಾಗುವ ಅಗತ್ಯವೇ ಬೀಳುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರ ಪ್ರಾಣವನ್ನು ಅವರಿಗೆ ತಿಳಿಸದೆ ನನ್ನ ಕೈಗಡಿಯಾರಕ್ಕೆ ಕಟ್ಟಿಕೊಂಡೆ.

ಹೊಸದನ್ನು ಹಾಕಿಕೊಂಡು ಕ್ವಾರಿಗೆ ಇಳಿದ ಮೊದಲ ದಿನ ಹಾಗೆಯೇ ನಡೆಯಿತು. ಎರಡನೆಯ ದಿನ ಬೆಳಿಗ್ಗೆಯೂ ಒಂದು ಸಲ ಇಳಿದು ಬಂದರು. ಮಧ್ಯಾಹ್ನ ಮತ್ತೆ ಇಳಿದರು. ಪಂಪಿಗೆ ಸರಪಳಿ ಸುತ್ತುವುದೊಂದೇ ಬಾಕಿ. ದಡದಲ್ಲಿ ಕ್ವಾರಿಯ ಮ್ಯಾನೇಜರು ಟೀ ತರಿಸಿದ್ದರು. ಈ ಹೊಸ ಸಾಮಾನು ಯಾರ ತಲೆಯಿಂದ ಬಂತು ಎಂದು ಕೇಳಿದರು. ನಾನು ಪಿಸ್ಟನ್ನು, ಸ್ಪ್ರಿಂಗು, ಒತ್ತಡ ಎಂದು ವಿವರಿಸಲು ಶುರುಮಾಡಿದೆ. ಅವರು ತಲೆದೂಗುತ್ತಿದ್ದರು. ಅಷ್ಟು ಗಮನಕೊಟ್ಟು ನನ್ನ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಟೈಮಾಯ್ತೇನಯ್ಯಾ?" ಎಂದು ಬಂಡೆಯ ಅಂಚಿನಿಂದ ಅತ್ತಿಗೆ ಕೇಳಿದರು.

"ಇನ್ನೂ ಇದೆ ಅತ್ತಿಗೆ" ಎಂದೆ. ಗಡಿಯಾರ ನೋಡಲಿಲ್ಲ.

ಆಮೇಲೆ ಎಷ್ಟು ಹೊತ್ತಾಯಿತೋ. ಅತ್ತಿಗೆ ಕೂಗಿದ್ದು ಕೇಳಿಸಿತು. ಹಗ್ಗ ಬಿಡದೆ ಜಗ್ಗುತ್ತಿತ್ತು. ಅವರು ಕಾಲನ್ನು ಬಂಡೆಗೆ ಒತ್ತಿ, ಒಂದರ ಹಿಂದೆ ಒಂದು ಕೈ ಹಾಕಿ ಎಳೆಯುತ್ತಿದ್ದರು. ನಾನು ಓಡಿಹೋಗಿ ಹಿಂದಿನಿಂದ ಹಗ್ಗ ಹಿಡಿದೆ. ಗಂಟುಗಳು ಒಂದೊಂದೇ ಅವರ ಅಂಗೈಯನ್ನು ಸುಲಿದುಕೊಂಡು ಬಂದವು. ಕೊನೆಯ ಮೂರು ಗಂಟುಗಳೂ ನಿಲ್ಲದೆ ಬಂದವು. ಹಾಡು ಇರಲಿಲ್ಲ.

ಅಣ್ಣ ಬದುಕಿದ್ದರು. ಕೆಮ್ಮಿ, ನೀರು ಕಕ್ಕಿ, ಬಂಡೆಯ ಮೇಲೆ ಅಂಗಾತ ಮಲಗಿದರು. ಬಾಯಿಗೆ ಟೀ ಹಿಡಿದರೆ ಎರಡು ಗುಟುಕು ಕುಡಿದು ಅತ್ತಿಗೆಯ ಕಡೆ ನೋಡಿ, "ಇವತ್ತು ಒಂದು ಸಾಲೂ ಹಾಡ್ಲಿಲ್ಲ ನೀನು" ಎಂದರು. ಎಲ್ಲರೂ ನಕ್ಕೆವು. ಅರ್ಧ ಗಂಟೆಯ ಮೇಲೆ ಎದ್ದು ಕೂರಲು ಹೋಗಿ, "ಲೇ, ನನ್ ಕಾಲು ಅಲ್ಲೇ ಇದ್ಯಾ ನೋಡಯ್ಯಾ" ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ನಿಲ್ಲದೆ ಮೇಲೆ ಬಂದದ್ದರಿಂದ ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದ ಕೆಳಗೆ ಜೀವ ಬರುವುದು ಕಷ್ಟ ಎಂದರು. "ಹಗ್ಗ ಎಳೆದವರು ಯಾರು?" ಎಂದು ಕೇಳಿದರು. ಬೈಯಲಿಕ್ಕಲ್ಲ, ಎಷ್ಟು ಬೇಗ ಬಂದರೆಂದು ತಿಳಿಯಲಿಕ್ಕೆ. ಅತ್ತಿಗೆ, "ನಾನೇ" ಎಂದರು. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ.

ಊರಿಗೆ ಬಂದ ಮೇಲೆ ಜನ ಅಂಗಡಿಗೇ ಬಂದು ಕೇಳುತ್ತಿದ್ದರು, ಅಷ್ಟು ವರ್ಷ ಆಗದ್ದು ಈಗ ಹೇಗಾಯಿತು ಎಂದು. ಒಂದು ದಿನ ಬಾಯಿಗೆ ಬಂದದ್ದನ್ನು ಹೇಳಿದೆ: "ಹೆಂಗಸು, ಗಾಬರಿಯಾದ್ರು. ನಿಲ್ಲಿಸ್ದೆ ಎಳೆದುಬಿಟ್ರು." ಒಂದೇ ಸಲ ಹೇಳಿದ್ದು. ಅದು ಮುಳಬಾಗಿಲಿನಿಂದ ಅವರ ಹಳ್ಳಿಗೆ ನನಗಿಂತ ಮುಂಚೆ ತಲುಪಿತ್ತು. ಮುಂದಿನ ಸಲ ನಾನು ಹೋದಾಗ ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ಗಂಡನ್ ಕಾಲು ತಾನೇ ಎಳ್ಕೊಂಡ್ಳು ನೋಡಮ್ಮ" ಎಂದು ಯಾರಿಗೋ ಹೇಳುತ್ತಿದ್ದಳು. ಅತ್ತಿಗೆ ಅಂಗಳದಲ್ಲಿ ಸಗಣಿ ಬಾಚುತ್ತಿದ್ದರು. ಅವರ ಕೈ ನಿಲ್ಲಲಿಲ್ಲ. ಅವರು ಹಸುವಿನ ಹಗ್ಗ ತೆಗೆಸಿ ಕಬ್ಬಿಣದ ಸರಪಳಿ ಹಾಕಿಸಿದ್ದು ಅದೇ ತಿಂಗಳು.

ಆಮೇಲೆ ಒಂಬತ್ತು ವರ್ಷ ಅಣ್ಣ ಗಾಲಿಕುರ್ಚಿಯಲ್ಲಿ ಬದುಕಿದರು. ಊರಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವ ಕೆಲಸ. ನೀರು ಬೆರೆಸಿ ತಂದವರಿಗೆ, "ಏನಮ್ಮಾ, ನಿಮ್ಮ ಹಸೂನೂ ನನ್ ಥರ ಮುಳುಗೋಕೆ ಹೋಗಿತ್ತಾ?" ಎನ್ನುತ್ತಿದ್ದರಂತೆ. ಜಗಳಕ್ಕೆ ನಿಂತವರೂ ನಕ್ಕುಬಿಡುತ್ತಿದ್ದರು. ನಾನು ತಿಂಗಳಿಗೆ ಎರಡು ಸಲ ಹೋಗಿ ಬರುತ್ತಿದ್ದೆ. ಬಾವಿ, ಕೆರೆ, ಕ್ವಾರಿಗಳ ಮಾತು ನಾವಿಬ್ಬರೂ ಎತ್ತುತ್ತಿರಲಿಲ್ಲ. ಕುರ್ಚಿಯ ಪಕ್ಕ ಕೂತು ಅವರ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಇವತ್ತು ಹೇಳಿಬಿಡುತ್ತೇನೆ ಎಂದು ಬಸ್ಸು ಹತ್ತುತ್ತಿದ್ದೆ, ಹೇಳದೆ ವಾಪಸು ಬರುತ್ತಿದ್ದೆ.

ಕೊನೆಯ ವರ್ಷ ಅವರಿಗೆ ಬೆನ್ನಿನ ಹುಣ್ಣು ಹೆಚ್ಚಾಗಿ, ಮಂಚ ಹಿಡಿದ ಮೇಲೆ ಒಂದು ಸಂಜೆ ಹೇಳಿದೆ. ಅತ್ತಿಗೆ ಡೈರಿಗೆ ಹೋಗಿದ್ದರು. ಬೆಂಗಳೂರಿನ ಅಂಗಡಿಯವರು ಹೇಳಿದ್ದು, ನಾನು ಮುಚ್ಚಿಟ್ಟದ್ದು, ಗಡಿಯಾರ ನೋಡದೆ ಉತ್ತರ ಕೊಟ್ಟದ್ದು, ಎಲ್ಲವನ್ನೂ. ಹೇಳಿ ಮುಗಿಸಿದಾಗ ನನಗೇ ಉಸಿರು ಸಾಲುತ್ತಿರಲಿಲ್ಲ.

ಅಣ್ಣ ಸೂರಿನ ಕಡೆ ನೋಡುತ್ತಿದ್ದರು. "ಗೊತ್ತು ಕಣಯ್ಯಾ" ಎಂದರು. ಬಹಳ ಹೊತ್ತಿನ ಮೇಲೆ ಉಳಿದರ್ಧ ಬಂತು. "ಅವತ್ತು ಉಸಿರು ಭಾರ ಆಗ್ಲೇ ಇಲ್ಲ. ಹಗುರ ಇತ್ತು, ಹಗುರ ಇತ್ತು, ಆಮೇಲೆ ಇಲ್ವೇ ಇಲ್ಲ. ಅಲ್ಲೇ ಗೊತ್ತಾಯ್ತು ನಂಗೆ, ನೀನು ಸುಳ್ಳು ಹೇಳಿದೀಯ ಅಂತ."

"ಮತ್ತೆ ಒಂದು ದಿನಾನೂ ಕೇಳ್ಲಿಲ್ವಲ್ಲ ಅಣ್ಣ."

"ಕೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ. ಈ ಸೀಮೇಲಿ ನೀರಿನ ಒಳಗಿನ ಮಾತು ಗೊತ್ತಿರೋನು ಇನ್ಯಾರಿದಾರೆ ನಂಗೆ?"

ನಾನು ಅವರ ಕಾಲಿನ ಮೇಲೆ ತಲೆಯಿಟ್ಟೆ. ಆ ಕಾಲಿಗೆ ನನ್ನ ತಲೆಯ ಭಾರ ತಿಳಿಯಲೂ ಇಲ್ಲ.

"ನನ್ನತ್ರ ಏನೂ ಕೇಳ್ಬೇಡ. ನಂದು ಆಯ್ತು" ಎಂದರು ಅವರು. "ಅವಳಿಗೆ ಹೇಳು. ತನ್ ಕೈಯಿಂದ್ಲೇ ಆಯ್ತು ಅಂದ್ಕೊಂಡಿದಾಳೆ. ನಾನು ಎಷ್ಟು ಹೇಳಿದ್ರೂ ನಂಬಲ್ಲ, ಸಮಾಧಾನಕ್ಕೆ ಹೇಳ್ತೀರ ಅಂತಾಳೆ. ನೀನು ಹೇಳಿದ್ರೆ ನಂಬ್ತಾಳೆ. ನೀನು ಓದಿದೋನು."

ಹೇಳುತ್ತೇನೆ ಎಂದೆ. ಅಂಗಡಿಯವರಿಗೆ ಹೇಳಿದ ಹಾಗೆಯೇ.

ಎರಡು ತಿಂಗಳ ಮೇಲೆ ಅಣ್ಣ ಹೋದರು. ಎದೆ ಇಳಿದಿತ್ತಂತೆ, ಎಂದಿನಂತೆ ನಿಧಾನಕ್ಕೆ ಏಳುತ್ತದೆ ಎಂದು ಅತ್ತಿಗೆ ಪಕ್ಕದಲ್ಲೇ ಕಾಯುತ್ತಾ ಕೂತಿದ್ದರಂತೆ.

ತಿಥಿಯ ದಿನ ಊಟವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಅತ್ತಿಗೆ ನನ್ನ ಎದುರು ಬಂದು ಕೂತರು. ನಾನು ಹೇಳಬೇಕೆಂದೇ ಬಂದಿದ್ದೆ, ಮಾತನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವರೇ ಮೊದಲು ಕೇಳಿದರು.

"ಆ ಮೂರು ಗಂಟಲ್ಲಿ ಒಂದ್ರಲ್ಲಾದ್ರೂ ನಿಲ್ಲಿಸಿದ್ದಿದ್ರೆ ಅವರು ನಡೀತಿದ್ರು, ಅಲ್ವೇನಯ್ಯಾ? ನಿಂಗೆ ಗೊತ್ತಿರ್ತದೆ. ಸತ್ಯ ಹೇಳು, ನಾನೇನೂ ಅಂದ್ಕೊಳ್ಳಲ್ಲ."

ಒಂಬತ್ತು ವರ್ಷ ಅವರು ಈ ಪ್ರಶ್ನೆಯನ್ನು ಯಾರಿಗೂ ಕೇಳದೆ ಇಟ್ಟುಕೊಂಡಿದ್ದರು. ನಾನು ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಮುಖ ಇನ್ನೊಂದು ಕ್ಷಣದಲ್ಲಿ ಹೇಗೆ ಬದಲಾಗುತ್ತದೆ ಎಂದು ನನಗೆ ಕಂಡುಬಿಟ್ಟಿತು. ಜಗತ್ತಿನಲ್ಲಿ ನನಗೆ ತಟ್ಟೆ ಹಾಕುವ ಮನೆ ಅದೊಂದೇ ಉಳಿದಿತ್ತು.

"ಆಗಿದ್ದು ಆಯ್ತು ಬಿಡಿ ಅತ್ತಿಗೆ" ಎಂದೆ.

ಅವರು, "ಹ್ಞೂಂ" ಎಂದು ನಿಧಾನವಾಗಿ ತಲೆಯಾಡಿಸಿದರು. ನನ್ನ ಉತ್ತರವನ್ನು ಹೌದು ಎಂದೇ ತೆಗೆದುಕೊಂಡರು. ಎದ್ದು ಒಳಗೆ ಹೋಗಿ, ದಾರಿಗೆ ಇರಲಿ ಎಂದು ನಾಲ್ಕು ವಡೆ ಕಟ್ಟಿಕೊಟ್ಟರು. ಆಮೇಲೆ ನಾನು ಆ ಊರಿಗೆ ಹೋಗಿಲ್ಲ.

ಹೇಳಬೇಕಾದದ್ದು ಬಹಳ ಇಲ್ಲ. ಅತ್ತಿಗೆ, ಅವತ್ತು ಕೆಳಗೆ ಗಾಳಿ ಇರಲಿಲ್ಲ. ಒಂದೊಂದು ಗಂಟಿಗೆ ಒಂದು ಹಾಡು ಹಾಡಿ ನಿಲ್ಲಿಸಿದ್ದರೆ ಮೇಲೆ ಬರುತ್ತಿದ್ದದ್ದು ಹೆಣ. ಗಾಳಿ ಇಲ್ಲದಂತೆ ಮಾಡಿದ್ದು ನಾನು. ನೀವು ನಿಲ್ಲಿಸದೆ ಎಳೆದದ್ದಕ್ಕೇ ಅಣ್ಣ ಒಂಬತ್ತು ವರ್ಷ ಉಳಿದರು. ತಾಯಲೂರಿಗೆ ಅರ್ಧ ಗಂಟೆಗೊಂದು ಬಸ್ಸಿದೆ. ಕಾಗದಕ್ಕೆ ಇಷ್ಟು ಸಲೀಸಾಗಿ ಬಂದ ಈ ನಾಲ್ಕು ಮಾತನ್ನು ಅತ್ತಿಗೆಗೆ ಮಾತ್ರ ನಾನು ಇನ್ನೂ ಹೇಳಿಲ್ಲ.